ಹಳೆಯ ಕೀಲಿಮಣೆಯ ಹಸಿವು

ಗಡಿನಾಡಿನ ಕನ್ನಡ ಮನೆಗಳಲ್ಲಿ ಕನ್ನಡವು ಕಿವಿಗೂ ನಾಲಿಗೆಗೂ ಇನ್ನೂ ಒಲಿದಿದೆ. ಕೈಗೆ ಮಾತ್ರ ದೂರವಾಗುತ್ತ ಬಂದಿದೆ. ನಾವಿರುವ ಉಮರ್ಗಾ ತಾಲೂಕಿನ ದಾಳಿಂಬದಂತಹ ಊರುಗಳಲ್ಲಿ ಇದು ಇಂದು ನಿನ್ನೆಯ ಸಂಗತಿಯಲ್ಲ. ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮರಾಠವಾಡವು ಮುಂಬಯಿ ರಾಜ್ಯಕ್ಕೆ ಸೇರಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಉದಯಿಸಿದ ಬಳಿಕ ಆ ಸ್ಥಾನ ಮರಾಠಿಯದಾಯಿತು. ಅವ್ವನೊಡನೆ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ ಎಂಬ ಕ್ರಮದಲ್ಲಿ ಬೆಳೆದ ಮಕ್ಕಳು ಇಂದು ಆಳಂದದ ಸೋದರಮಾವನಿಗೂ ಬಸವಕಲ್ಯಾಣದ ಚಿಕ್ಕಮ್ಮನಿಗೂ ಮೊಬೈಲಿನಲ್ಲಿ ಬರೆಯುವುದು ಕನ್ನಡದ ಮಾತನ್ನೇ. ಆದರೆ ಲಿಪಿ ಮಾತ್ರ ಇಂಗ್ಲಿಷಿನದು. ಮಾತು ನಮ್ಮದು, ಬಟ್ಟೆ ಎರವಲಿನದು.

ಇಂತಹ ಮನೆಗಳಿಗೆ ಹಳೆಯ ಕೀಲಿಮಣೆಯೊಂದು, ಅಂದರೆ ಗಣಕಯಂತ್ರದ ಕೀಬೋರ್ಡು, ಹೇಗೆ ನೆರವಾಗಬಲ್ಲುದು, ಹೊಸ ಯಂತ್ರಕ್ಕೆ ಜೋಡಿಸಿದಾಗ ಅದು ಏಕೆ ಮೂಕವಾಗುತ್ತದೆ, ಆ ಮೂಕತನವನ್ನು ಬಿಡಿಸುವ ಬಗೆ ಯಾವುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಇದು ಯಂತ್ರಶಾಸ್ತ್ರಜ್ಞರ ವಿಷಯವಲ್ಲವೇ ಎಂದು ವಾಚಕರು ಪುಟ ತಿರುವಬಾರದು. ನಾವೂ ಯಂತ್ರಶಾಸ್ತ್ರ ಓದಿದವರಲ್ಲ. ಅಧ್ಯಾಪಕ ತರಬೇತಿ ಪಡೆದು ಹಳ್ಳಿಯ ಶಾಲೆಯಲ್ಲಿ ಬಾಳು ಸವೆಸುತ್ತಿರುವವರು. ಆದರೆ ಏಳನೆಯ ಇಯತ್ತೆಯ ವಿಜ್ಞಾನ ಪಾಠವನ್ನು ಶ್ರದ್ಧೆಯಿಂದ ಕಲಿಸಿದವರಿಗೆ ಈ ವಿಷಯದ ಬಹುಭಾಗ ಅರ್ಥವಾಗುವಂತಹುದೇ.

ಕೆಲವು ವರ್ಷಗಳ ಹಿಂದೆ ಸಮೀಪದ ಕಚೇರಿಯೊಂದು ತನ್ನ ಹಳೆಯ ಯಂತ್ರಗಳನ್ನು ರದ್ದಿಗೆ ಹಾಕಿದಾಗ ಎರಡು ಕೀಲಿಮಣೆಗಳು ನಮ್ಮ ಪಾಲಿಗೆ ಬಂದವು. ಎರಡೂ ಇಟ್ಟಿಗೆಯಂತೆ ಭಾರ. ಒತ್ತಿದರೆ ಟಕಟಕ ಸದ್ದು. ನಾವು ಅವನ್ನು ಬೇಡಿ ತಂದುದು ಭಾರಕ್ಕಾಗಿ ಅಲ್ಲ. ಪ್ರತಿಯೊಂದು ಕೀಲಿಯ ಮೇಲೂ ಇಂಗ್ಲಿಷ್ ಅಕ್ಷರದ ಬದಿಯಲ್ಲಿ ದೇವನಾಗರಿ ಅಕ್ಷರವೂ ಅಚ್ಚಾಗಿತ್ತು. ಪುಣೆ, ಸೋಲಾಪುರಗಳಲ್ಲಿ ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಕೊಟ್ಟ ಲ್ಯಾಪ್‌ಟಾಪುಗಳ ಕೀಲಿಗಳಲ್ಲಿ ಇಂಗ್ಲಿಷ್ ಹೊರತು ಬೇರೆ ಅಕ್ಷರವಿರಲಿಲ್ಲ.

ದೇವನಾಗರಿಯ ಕೀಲಿಮಣೆಯಿಂದ ಕನ್ನಡಕ್ಕೇನು ಲಾಭ ಎಂಬ ಪ್ರಶ್ನೆ ಸಹಜ. ಇದರ ಉತ್ತರದಲ್ಲಿ ನಮ್ಮ ದೇಶದ ಒಂದು ಜಾಣ್ಮೆಯ ಕಥೆಯಿದೆ. ಭಾರತ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಹೊಂದುವ 'ಇನ್‌ಸ್ಕ್ರಿಪ್ಟ್' ಎಂಬ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿತು; 1988ರಲ್ಲಿ ಅದು ಪರಿಷ್ಕೃತವಾಯಿತು; 1991ರಲ್ಲಿ ರಾಷ್ಟ್ರೀಯ ಮಾನಕದಲ್ಲಿ ಸೇರಿತು. ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳಾದುದರಿಂದ ಅವುಗಳ ವರ್ಣಮಾಲೆಯ ಕ್ರಮ ಒಂದೇ. ಆ ಒಂದೇ ಕ್ರಮವನ್ನು ಆಧಾರವಾಗಿಟ್ಟು, ಒಂದು ಧ್ವನಿಗೆ ಎಲ್ಲ ಲಿಪಿಗಳಲ್ಲಿಯೂ ಒಂದೇ ಕೀಲಿಯನ್ನು ನಿಗದಿಪಡಿಸಿದರು. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಇಂಗ್ಲಿಷಿನ 'ಕೆ' ಕೀಲಿಯಲ್ಲಿ ಮರಾಠಿಯ 'ಕ' ಇದ್ದರೆ ಕನ್ನಡದ 'ಕ'ವೂ ಅಲ್ಲಿಯೇ. ಶಿಫ್ಟ್ ಒತ್ತಿದರೆ ಎರಡರಲ್ಲಿಯೂ 'ಖ'. 'ಎನ್' ಕೀಲಿಯಲ್ಲಿ 'ಲ', ಅದರ ಮೇಲೆ ಮರಾಠಿಗೂ ನಮಗೂ ಸಮಾನವಾದ 'ಳ'. ಶಾಲೆಯಲ್ಲಿ ದೇವನಾಗರಿ ಕಲಿತು ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಇದಕ್ಕಿಂತ ಒಳ್ಳೆಯ ಸೇತುವೆ ಎಲ್ಲಿಯದು? ತಾನು ಬಲ್ಲ ಅಕ್ಷರವನ್ನು ನೋಡಿ ಒತ್ತುತ್ತದೆ. ತಾನು ಕಲಿಯಬೇಕಾದ ಅಕ್ಷರವು ತೆರೆಯ ಮೇಲೆ ಮೂಡುತ್ತದೆ. ಕರ್ನಾಟಕದಲ್ಲಿ ಕೆ. ಪಿ. ರಾಯರ ವಿನ್ಯಾಸ ಬಹು ಜನಪ್ರಿಯ; ಇಂಗ್ಲಿಷ್ ಕೀಲಿಗಳ ಧ್ವನಿಯನ್ನು ಅನುಸರಿಸುವ ಅದು ಸುಲಭವೂ ಹೌದು. ಆದರೆ ದೇವನಾಗರಿ ಬಲ್ಲ ನಮ್ಮ ಮಕ್ಕಳಿಗೆ ಇನ್‌ಸ್ಕ್ರಿಪ್ಟ್ ಹೆಚ್ಚು ಹತ್ತಿರ. ವಿಂಡೋಸ್ ವ್ಯವಸ್ಥೆಯಲ್ಲಿ 2001ರ ಎಕ್ಸ್‌ಪಿ ಆವೃತ್ತಿಯಿಂದಲೇ ಕನ್ನಡದ ಈ ಸೌಕರ್ಯ ದೊರೆಯುತ್ತ ಬಂದಿದೆ.

ಇಷ್ಟೆಲ್ಲ ಆಶೆಯಿಂದ ತಂದ ಕೀಲಿಮಣೆಗಳನ್ನು ಲ್ಯಾಪ್‌ಟಾಪಿಗೆ ಜೋಡಿಸಿದಾಗ, ಮೇಲಿನ ಮೂರು ದೀಪಗಳು ಒಮ್ಮೆ ಮಿನುಗಿ ಆರಿದವು. ಅಷ್ಟೇ. ಒಂದು ಪೂರ್ಣ ಮೂಕ. ಇನ್ನೊಂದು ನಾಲ್ಕು ಸಾಲು ಬರೆದು, ಕ್ಯಾಪ್ಸ್ ಲಾಕ್ ಒತ್ತಿದ ಕೂಡಲೆ ಸ್ತಬ್ಧ. ಪೇಟೆಯ ಅಂಗಡಿಯವರೊಬ್ಬರು ಕೈಯಲ್ಲಿ ಹಿಡಿದು ತೂಗಿ ನೋಡಿ, "ಮಾಸ್ತರ, ಇವು ಸತ್ತಾವ. ಮುನ್ನೂರು ರೂಪಾಯಿಗೆ ಹೊಸದು ಕೊಡ್ತೀನಿ" ಎಂದರು. ಊರಿನಲ್ಲಿ ಪಂಪಿನ ಮೋಟಾರ್ ರಿವೈಂಡಿಂಗ್ ಮಾಡುವ ತರುಣನೊಬ್ಬನಿದ್ದಾನೆ. ನಮ್ಮ ಹಳೆಯ ವಿದ್ಯಾರ್ಥಿ. ಅವನು ಮೀಟರ್ ಹಚ್ಚಿ ನೋಡಿ ಹೇಳಿದ ಮಾತು ಬೇರೆ: "ಇದು ಸತ್ತಿಲ್ಲ ಗುರುಜಿ, ಉಪವಾಸ ಅದ."

ಆ ಮಾತಿನ ಒಳಗುಟ್ಟನ್ನು ತಿಳಿಯಲು ಮೊದಲು ಕೊಂಡಿಗಳ ವಂಶಾವಳಿಯನ್ನು ನೋಡಬೇಕು. 1981ರಲ್ಲಿ ಬಂದ ಐಬಿಎಂ ಪಿಸಿಯ ಕೀಲಿಮಣೆಗೆ ಐದು ಮುಳ್ಳಿನ ದೊಡ್ಡ ದುಂಡು ಕೊಂಡಿ. 1984ರ ಎಟಿ ಯಂತ್ರಕ್ಕೂ ಕೊಂಡಿ ಅದೇ, ಆದರೆ ಒಳಗಿನ ಮಾತುಕತೆಯ ರೀತಿ ಬದಲಾಯಿತು. 1987ರಲ್ಲಿ ಪಿಎಸ್/2 ಎಂಬ ಆರು ಮುಳ್ಳಿನ ಸಣ್ಣ ದುಂಡು ಕೊಂಡಿ ಬಂದಿತು. ಆರರಲ್ಲಿ ಕೆಲಸ ಮಾಡುವವು ನಾಲ್ಕೇ — 5 ವೋಲ್ಟಿನ ಪೂರೈಕೆ, ಅದರ ಮರಳುದಾರಿ, ಅಕ್ಷರದ ಸುದ್ದಿ ಒಯ್ಯುವ ತಂತಿ, ತಾಳ ಹಾಕುವ ತಂತಿ. ಎಟಿಗೂ ಪಿಎಸ್/2ಕ್ಕೂ ಭಾಷೆ ಒಂದೇ, ಕೊಂಡಿಯ ಆಕಾರವಷ್ಟೇ ಬೇರೆ. 1996ರಲ್ಲಿ ಬಂದ ಯುಎಸ್‌ಬಿ ಮಾತ್ರ ಕೊಂಡಿಯಲ್ಲಿಯೂ ಭಾಷೆಯಲ್ಲಿಯೂ ಹೊಸದು.

ಪೇಟೆಯಲ್ಲಿ ಪಿಎಸ್/2ರಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರುಗಳು ಎರಡು ಬಗೆ. ಒಂದು, ಹೆಬ್ಬೆರಳಿನಷ್ಟು ಗಾತ್ರದ ಬರಿಯ ಕೊಂಡಿ. ಅದರೊಳಗೆ ತಂತಿಯ ಹೊರತು ಏನೂ ಇಲ್ಲ. ಎರಡೂ ಭಾಷೆ ಬಲ್ಲ ಕೀಲಿಮಣೆಗೆ ಮಾತ್ರ ಅದು ಸಾಕು; ಪಿಎಸ್/2 ಒಂದನ್ನೇ ಬಲ್ಲ ಹಳೆಯದಕ್ಕೆ ಅದು ನಿರುಪಯುಕ್ತ. ಇನ್ನೊಂದು, ಒಳಗೆ ಚಿಪ್ಪಿರುವ ಪರಿವರ್ತಕ; ಒಂದು ಭಾಷೆಯನ್ನು ಕೇಳಿ ಇನ್ನೊಂದರಲ್ಲಿ ಹೇಳುವ ನಿಜವಾದ ದುಭಾಷಿ. ಬಾಗಿಲು ತೆರೆದ ಮಾತ್ರಕ್ಕೆ ಮಾತು ತಿಳಿಯುವುದಿಲ್ಲವೆಂಬುದನ್ನು ಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ವಿದ್ಯುತ್ತನ್ನು ದೂರುವ ಮುನ್ನ ಅಡಾಪ್ಟರಿನಲ್ಲಿ ದುಭಾಷಿ ಇರುವನೋ ಇಲ್ಲವೋ ನೋಡಿಕೊಳ್ಳಬೇಕು. ನಮ್ಮಲ್ಲಿ ಇದ್ದುದು ಚಿಪ್ಪಿನದೇ. ಐದು ಮುಳ್ಳಿನದಕ್ಕೆ ಪಿಎಸ್/2 ಆಕಾರದ ಸಣ್ಣ ಕೊಂಡಿಯನ್ನೂ ಸೇರಿಸಿದ್ದೆವು. ಆದರೂ ಮೌನ.

ಈಗ ಹಸಿವಿನ ಲೆಕ್ಕ. ಯುಎಸ್‌ಬಿಯ ಹಳೆಯ ನಿಯಮದಂತೆ, ಕೊಂಡಿಗೆ ಹೊಸದಾಗಿ ಬಂದ ಉಪಕರಣಕ್ಕೆ ಮೊದಲು ಸಿಗುವುದು 100 ಮಿಲಿಆಂಪಿಯರ್ ಮಾತ್ರ. ತನಗೆಷ್ಟು ಬೇಕೆಂದು ಹೇಳಿ ಯಂತ್ರದ ಒಪ್ಪಿಗೆ ಪಡೆದ ಬಳಿಕ 500ರವರೆಗೆ ಎಳೆದುಕೊಳ್ಳಬಹುದು. ಇಲ್ಲಿ ಹಾಗೆ ಕೇಳಬೇಕಾದುದು ಪರಿವರ್ತಕ. ಅದು ತನ್ನ ಬಾಯಿಂದ 100 ಎಂದು ಹೇಳಿದರೆ ಬೆನ್ನ ಹಿಂದಿನ ಕೀಲಿಮಣೆಯ ಅಗತ್ಯ ಯಂತ್ರಕ್ಕೆ ತಿಳಿಯುವುದೇ ಇಲ್ಲ. ಇಂದಿನ ಕೀಲಿಮಣೆಗಳು ಮಿತಾಹಾರಿಗಳು. ಆದರೆ ಹಳೆಯವುಗಳ ಚಿಪ್ಪುಗಳು ಬೇರೆ ಕಾಲದ ತಯಾರಿಕೆ. ಅವುಗಳಲ್ಲಿ ನೂರರ ಗಡಿ ದಾಟುವವು ಹಲವು. ಯಂತ್ರ ಚಾಲೂ ಆದೊಡನೆ ಕೀಲಿಮಣೆಯು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಆಗ ಮೂರು ದೀಪಗಳೂ ಒಟ್ಟಿಗೆ ಹೊತ್ತುತ್ತವೆ. ದೀಪಗಳಿಗೂ ಪಾಲು ಬೇಕು. ಆ ಕ್ಷಣದಲ್ಲಿ ಪೂರೈಕೆ ಕುಸಿದರೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ. ದೀಪ ಮಿನುಗಿ ಆರುವುದರ ಮತ್ತು ಕ್ಯಾಪ್ಸ್ ಲಾಕ್ ಒತ್ತಿದಾಗ ಸ್ತಬ್ಧವಾಗುವುದರ ಅರ್ಥ ಇದೇ ಆಗಿರುವುದುಂಟು.

ಎರಡನೆಯದು ಒತ್ತಡದ ಲೆಕ್ಕ. ನಮ್ಮ ಕಡೆ ನೀರು ಕಡಿಮೆಯಾದುದರಿಂದ ಹನಿ ನೀರಾವರಿ ಎಲ್ಲರೂ ಬಲ್ಲರು. ತೆಳ್ಳಗಿನ ಕೊಳವೆಯನ್ನು ಬಹುದೂರ ಎಳೆದರೆ ಕೊನೆಯ ಗಿಡಕ್ಕೆ ಹನಿ ಸರಿಯಾಗಿ ಬೀಳುವುದಿಲ್ಲ. ಬಾವಿಯಲ್ಲಿ ನೀರಿಲ್ಲವೆಂದಲ್ಲ, ದಾರಿಯಲ್ಲಿ ಒತ್ತಡ ಸೋರಿತು. ತಂತಿಯಲ್ಲಿಯೂ ಹಾಗೆಯೇ. ಅಗ್ಗದ ಕೇಬಲ್ಲಿನ ಎಳೆಯಲ್ಲಿ ಮೀಟರಿಗೆ ಸುಮಾರು 0.2 ಓಮ್ ತಡೆ ಇರುತ್ತದೆ. ಮೂರು ಮೀಟರ್ ಉದ್ದವೆಂದರೆ ಹೋಗಿ ಬರುವ ದಾರಿ ಆರು ಮೀಟರ್, ಒಟ್ಟು 1.2 ಓಮ್. ಅದರಲ್ಲಿ 200 ಮಿಲಿಆಂಪಿಯರ್ ಹರಿದರೆ ಸುಮಾರು ಕಾಲು ವೋಲ್ಟ್ ದಾರಿಯಲ್ಲಿಯೇ ಕಳೆದುಹೋಗುತ್ತದೆ. ಕಾಲು ವೋಲ್ಟ್ ಎಂದರೆ ಎಷ್ಟರ ಮಾತು ಎನ್ನಬಾರದು. ಹಳೆಯ ಟಿಟಿಎಲ್ ಚಿಪ್ಪುಗಳಿಗೆ 4.75ರಿಂದ 5.25 ವೋಲ್ಟ್ ಬೇಕೆಂಬುದು ನಿಯಮ. ಇತ್ತ, ಸ್ವಂತ ಪೂರೈಕೆಯಿಲ್ಲದ ಯುಎಸ್‌ಬಿ ಹಬ್‌ನ ಕಿಂಡಿಯಲ್ಲಿ 4.4 ವೋಲ್ಟ್ ಇದ್ದರೂ ಅದು ನಿಯಮಬದ್ಧವೇ. ಕೊಡುವವನೂ ಕಾನೂನು ಮೀರಿಲ್ಲ, ಬೇಡುವವನೂ ಅತಿಯಾಗಿ ಬೇಡಿಲ್ಲ. ಆದರೂ ನಡುವೆ ಹಸಿವು ಉಳಿಯಿತು. ಎರಡು ಕಾಲದ ಎರಡು ನಿಯಮಗಳು ಒಂದೇ ಮೇಜಿನ ಮೇಲೆ ಸೇರಿದುದರ ಫಲವಿದು.

ಆ ತರುಣನು ಯುಎಸ್‌ಬಿ ದಾರಿಯ ನಡುವೆ ಸೇರಿಸುವ ಸಣ್ಣ ಮೀಟರನ್ನು ತಂದಿದ್ದನು. ಶಾಲೆಯ ಕೋಣೆಯಲ್ಲಿ ಲ್ಯಾಪ್‌ಟಾಪು ಕಪಾಟಿನ ಬಳಿ, ಕೀಲಿಮಣೆ ಮಕ್ಕಳ ಬೆಂಚಿನ ಮೇಲೆ. ನಡುವೆ ನಾಲ್ಕು ಕಿಂಡಿಯ ಹಬ್ ಒಂದು, ಉದ್ದದ ಕೇಬಲ್ಲೊಂದು. ಹಬ್‌ಗೆ ಬೇರೆ ಪೂರೈಕೆ ಇರಲಿಲ್ಲ. ಅಂತಹ ಹಬ್ ತನಗೆ ದೊರೆತ 500ರಲ್ಲಿ ತನ್ನ ಪಾಲು ತೆಗೆದು, ಉಳಿದುದನ್ನು ಕಿಂಡಿಗೆ ನೂರರಂತೆ ಹಂಚುತ್ತದೆ. ಮೀಟರಿನಲ್ಲಿ 4.5 ವೋಲ್ಟ್ ಕಂಡಿತು. ಎಳೆತ ನೂರಕ್ಕಿಂತ ಬಹಳ ಹೆಚ್ಚು. ಹಬ್ ಹಾಗೂ ಕೇಬಲ್ಲನ್ನು ತೆಗೆದು ಬೆಂಚನ್ನೇ ಲ್ಯಾಪ್‌ಟಾಪಿನ ಬಳಿಗೆ ಸರಿಸಿ ನೇರವಾಗಿ ಜೋಡಿಸಿದಾಗ 4.9 ಆಯಿತು. ದೀಪಗಳು ಮಿನುಗಿ, ಒಂದು ಸ್ಥಿರವಾಗಿ ನಿಂತಿತು. 'ಕೆ' ಒತ್ತಿದೆವು, ತೆರೆಯ ಮೇಲೆ 'ಕ' ಮೂಡಿತು. ಐದು ಮುಳ್ಳಿನ ಹಿರಿಯನಿಗೆ ಅಷ್ಟೂ ಸಾಲಲಿಲ್ಲ. ಗೋಡೆಯ ಪ್ಲಗ್ಗಿನಿಂದ ಸ್ವಂತ ಪೂರೈಕೆ ಪಡೆಯುವ ಹಬ್ ತರಿಸಿ ಅದರ ಮೂಲಕ ಜೋಡಿಸಿದ ಮೇಲೆ ಅದೂ ಬಾಯಿಬಿಟ್ಟಿತು.

ಮನೆಯಲ್ಲಿ ಇಂತಹ ಕೀಲಿಮಣೆ ಇರುವ ವಾಚಕರಿಗಾಗಿ ನಮ್ಮ ಅನುಭವದ ಕ್ರಮವನ್ನು ಇಲ್ಲಿ ಹೇಳುತ್ತೇವೆ. ಮೊದಲು ಕೊಂಡಿಯನ್ನು ನೋಡಿರಿ, ಪರಿವರ್ತಕ ಚಿಪ್ಪಿನದೇ ಎಂದು ಖಚಿತಪಡಿಸಿಕೊಳ್ಳಿರಿ. ಬಳಿಕ ಹಬ್, ಉದ್ದದ ಕೇಬಲ್ಲುಗಳನ್ನೆಲ್ಲ ಕಳಚಿ ನೇರವಾಗಿ ಜೋಡಿಸಿರಿ. ದೊಡ್ಡ ಗಣಕಯಂತ್ರವಾದರೆ ಮುಂಭಾಗದ ಕಿಂಡಿಯನ್ನು ಬಿಟ್ಟು ಹಿಂಭಾಗದ್ದನ್ನು ಬಳಸಿರಿ. ಬೇರೆ ಹೊರೆಗಳಾದ ಪೆನ್‌ಡ್ರೈವ್, ಚಾರ್ಜಿಂಗಿಗೆ ಹಚ್ಚಿದ ಮೊಬೈಲು ಇವುಗಳನ್ನು ತೆಗೆಯಿರಿ. ಅದರಿಂದ ಗುಣ ಕಂಡರೆ ಕಾರಣ ಹಸಿವೇ; ಸ್ವಂತ ಪೂರೈಕೆಯ ಹಬ್ ಅದಕ್ಕೆ ಔಷಧಿ. ಗುಣ ಕಾಣದಿದ್ದರೆ ಕೀಲಿಮಣೆಯ ಕೇಬಲ್ಲನ್ನು ಕೊಂಡಿಯ ಬುಡದಲ್ಲಿಯೂ ಮೈಯ ಬುಡದಲ್ಲಿಯೂ ಮೆಲ್ಲಗೆ ಬಾಗಿಸಿ ನೋಡಿರಿ. ಒಳಗೆ ಎಳೆ ಮುರಿಯುವುದು ಬಹುಶಃ ಅಲ್ಲಿಯೇ. ಯಂತ್ರ ಸ್ವಲ್ಪ ಹೊತ್ತು ಮಲಗಿ ಎದ್ದ ಬಳಿಕ ಮಾತ್ರ ಕೀಲಿಮಣೆ ಮೂಕವಾಗುತ್ತಿದ್ದರೆ ದೋಷ ಅದರದಲ್ಲ; ವಿದ್ಯುತ್ ಉಳಿಸಲು ಯಂತ್ರವೇ ಕಿಂಡಿಯನ್ನು ಮುಚ್ಚಿರುತ್ತದೆ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ಎಂಬಲ್ಲಿಗೆ ಹೋಗಿ, ವಿದ್ಯುತ್ ಉಳಿತಾಯದ ಗುರುತನ್ನು ತೆಗೆದರೆ ಸರಿಹೋಗುವುದು.

ಎರಡು ಎಚ್ಚರಿಕೆಗಳು. ಯಂತ್ರದಲ್ಲಿ ಪಿಎಸ್/2 ಕಿಂಡಿಯೇ ಇದ್ದರೆ ಅಡಾಪ್ಟರಿನ ಗೊಡವೆಯಿಲ್ಲ. ಆದರೆ ಯಂತ್ರ ನಡೆಯುತ್ತಿರುವಾಗ ಆ ಕೊಂಡಿಯನ್ನು ಕೀಳುವುದಾಗಲಿ ಸೇರಿಸುವುದಾಗಲಿ ಸಲ್ಲದು. ಒಳಗಿನ ಫ್ಯೂಸು ಹೋಗುವ ಅಪಾಯವುಂಟು. ಯುಎಸ್‌ಬಿಗೆ ಮಾತ್ರ ಆ ಸ್ವಾತಂತ್ರ್ಯವಿದೆ. ಇನ್ನು, ತಂತಿ ಕತ್ತರಿಸಿ ಮೊಬೈಲಿನ ಚಾರ್ಜರಿನಿಂದ ನೇರವಾಗಿ ವಿದ್ಯುತ್ ಕೊಡುವ ಸಾಹಸವನ್ನು ಮಕ್ಕಳಿಗೆ ಬಿಡಬಾರದು.

ಹಳ್ಳಿಯ ಮನೆಗಳಿಗೆ ಇನ್ನೊಂದು ಮಾತು. ಭಾರದ ಕೀಲಿಮಣೆಗಳೊಳಗೆ ಕಬ್ಬಿಣದ ತಗಡು ಇರುತ್ತದೆ. ಲೋಹದ ಭಾಗ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದು ಕೀಲಿಮಣೆಯ ದೋಷವಲ್ಲ. ಬಹಳ ಮಟ್ಟಿಗೆ ಮನೆಗೆ ಸರಿಯಾದ ಅರ್ಥಿಂಗ್ ಇಲ್ಲದುದರ ಸೂಚನೆ. ಮೂರು ತೂತಿನ ಪ್ಲಗ್ಗಿದ್ದರೂ ಮೂರನೆಯ ತಂತಿ ಎಲ್ಲಿಗೂ ಹೋಗದ ಮನೆಗಳನ್ನು ನಾವು ಕಂಡಿದ್ದೇವೆ. ಇದ್ದಲು, ಉಪ್ಪು ಹಾಕಿದ ಅರ್ಥಿಂಗ್ ಗುಂಡಿಯನ್ನು ತೋಡಿಸಿದರೂ ಬೇಸಗೆಯಲ್ಲಿ ಕಪ್ಪು ನೆಲ ಬಿರಿದು ಒಣಗುವ ನಮ್ಮ ಸೀಮೆಯಲ್ಲಿ ಆಗಾಗ ನೀರುಣಿಸಬೇಕು. ಕೀಲಿಮಣೆಗಿಂತ ಮೊದಲು ಮನೆಯವರ ಜೀವ.

ಇಷ್ಟು ಕಷ್ಟವೇಕೆ, ಹೊಸದು ಅಗ್ಗವಲ್ಲವೇ ಎಂಬ ಆಕ್ಷೇಪವುಂಟು. ಅದು ನ್ಯಾಯವಾದುದೇ. ಪರಿವರ್ತಕ, ಹಬ್ ಎರಡರ ಬೆಲೆ ಸೇರಿದರೆ ಹೊಸ ಕೀಲಿಮಣೆಯ ಬೆಲೆಯನ್ನು ಮೀರುತ್ತದೆ. ಅಕ್ಷರದ ಚೀಟಿಗಳನ್ನು ಕೀಲಿಗಳಿಗೆ ಅಂಟಿಸಿಕೊಂಡರೂ ಕೆಲಸ ನಡೆಯುತ್ತದೆ. 1981ರ ಬಗೆಯ ಕೀಲಿಮಣೆಯಾದರೆ ಸಾಮಾನ್ಯ ಪರಿವರ್ತಕಕ್ಕೆ ಅದರ ಭಾಷೆ ತಿಳಿಯದು. ಒಳಗಿನ ಚಿಪ್ಪೇ ಸುಟ್ಟಿದ್ದರೆ ಆಶೆ ಬಿಡುವುದೇ ಲೇಸು. ಆದರೆ ನಮ್ಮ ಶಾಲೆಯ ಮಕ್ಕಳ ಗುದ್ದಿಗೆ ಅಗ್ಗದ ಕೀಲಿಮಣೆಗಳು ವರುಷ ತಾಳುವುದಿಲ್ಲ. ಅಂಟಿಸಿದ ಚೀಟಿಗಳು ಬೇಸಗೆಯ ಬೆವರಿಗೆ ಕಿತ್ತುಬರುತ್ತವೆ. ಈ ಹಳೆಯವು ಬಿದ್ದರೂ ಬಿರಿಯವು, ಅಕ್ಷರ ಮಾಸವು. ಎಲ್ಲಕ್ಕಿಂತ ಹೆಚ್ಚಾಗಿ, ನಡೆಯುವ ವಸ್ತುವನ್ನು ಸತ್ತಿದೆಯೆಂದು ಮಕ್ಕಳೆದುರು ಎಸೆಯುವುದು ಅಧ್ಯಾಪಕ ವೃತ್ತಿಗೆ ಒಪ್ಪುವ ಪಾಠವಲ್ಲ.

ಅದರಿಂದ ಆದ ಲಾಭವನ್ನು ಒಂದು ಉದಾಹರಣೆಯಿಂದ ಹೇಳಬಹುದು. ಮರಾಠಿ ಮಾಧ್ಯಮದಲ್ಲಿ ಓದುವ ನೆರೆಮನೆಯ ಬಾಲಿಕೆಯೊಬ್ಬಳು ರಜೆಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದಳು. ಮೊದಲ ದಿನ ಕೀಲಿಮಣೆಯನ್ನು ನೋಡಿ, "ಗುರುಜಿ, ಇದರಾಗ ಕನ್ನಡ ಅಕ್ಷರ ಎಲ್ಲಿ ಅವರಿ?" ಎಂದು ಕೇಳಿದಳು. "ನಿನಗ ಬರೂ ಅಕ್ಷರಾನೇ ಒತ್ತವ್ವಾ" ಎಂದೆವು. ಅವಳ ಅಜ್ಜಿಗೆ ಎಂಬತ್ತು ದಾಟಿತ್ತು. ಬೀಸುವ ಕಲ್ಲಿನ ಪದಗಳು ಆಕೆಯ ಬಾಯಲ್ಲಿ ಹೇರಳವಾಗಿದ್ದವು. ಬರೆದುಕೊಂಡವರಾರೂ ಇರಲಿಲ್ಲ. ಅಜ್ಜಿ ಹೇಳುವಳು, ಮೊಮ್ಮಗಳು ದೇವನಾಗರಿಯ ಕೀಲಿ ನೋಡಿ ಒತ್ತುವಳು, ತೆರೆಯ ಮೇಲೆ ಕನ್ನಡ ಏಳುವುದು. ತೊಡಕಾದುದು ಒಂದೇ ಕಡೆ: ಮರಾಠಿಯಲ್ಲಿ ಹ್ರಸ್ವ 'ಎ', ಹ್ರಸ್ವ 'ಒ' ಇಲ್ಲ. ಅವಳು ಮನೆ ಎಂಬುದನ್ನು 'ಮನೇ' ಎಂದು ಬರೆದಾಗ ಅಜ್ಜಿಗೆ ಓದಲು ಬಾರದಿದ್ದರೂ, ಅವಳು ಓದಿ ಹೇಳಿದೊಡನೆ ಕಿವಿಯಿಂದಲೇ ತಿದ್ದುತ್ತಿದ್ದಳು. ಹ್ರಸ್ವದ ಕೀಲಿ 'ಜೆಡ್', ದೀರ್ಘದ್ದು 'ಎಸ್' ಎಂದು ತೋರಿಸಿಕೊಟ್ಟೆವು. ಒಂದು ವಾರದಲ್ಲಿ ಆ ಭೇದ ಬೆರಳಿಗೆ ಹತ್ತಿತು. ಬೇಸಗೆ ಮುಗಿಯುವುದರೊಳಗೆ ಮೂವತ್ತೆರಡು ಪದಗಳು ಕಾಗದದ ಮೇಲೆ ಬಂದಿದ್ದವು. ಮರುವರ್ಷ ಆ ಅಜ್ಜಿ ತೀರಿಕೊಂಡಳು. ಮುದ್ರಿಸಿದ ಹಾಳೆಗಳನ್ನು ಅವಳ ಹೆಣ್ಣುಮಕ್ಕಳು ಆಳಂದದ ತಮ್ಮ ಗಂಡನ ಮನೆಗಳಿಗೆ ಒಂದೊಂದು ಪ್ರತಿ ಒಯ್ದರು.

ಸನ್ಮಾನ್ಯ ವಾಚಕರು ತಮ್ಮ ಅಟ್ಟದ ಮೇಲೆ, ಕಚೇರಿಯ ರದ್ದಿಯಲ್ಲಿ ಅಕ್ಷರ ಅಚ್ಚಾದ ಹಳೆಯ ಕೀಲಿಮಣೆ ಇದೆಯೇ ಎಂದು ಒಮ್ಮೆ ನೋಡಬೇಕೆಂದು ನಮ್ಮ ವಿನಂತಿ. ಬಹು ಹಳೆಯದಾದರೆ ವಿಂಡೋಸ್ ಗುರುತಿನ ಕೀಲಿ ಅದರಲ್ಲಿ ಇರುವುದಿಲ್ಲ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಅದು ಮಾತಾಡದಿದ್ದರೆ ಸತ್ತಿದೆಯೆಂದು ತೀರ್ಪು ಕೊಡುವ ಮುನ್ನ ಅದಕ್ಕೆ ಉಣಲಿಕ್ಕೆ ಎಷ್ಟು ಸಿಗುತ್ತಿದೆ ಎಂಬುದನ್ನು ಅಳೆಯಿರಿ. ನಮ್ಮ ಮಕ್ಕಳ ಕನ್ನಡದ ವಿಷಯದಲ್ಲಿಯೂ ಬೇರೆಯವರು ಇಂತಹ ತೀರ್ಪು ಕೊಡುವುದುಂಟು. ಅಲ್ಲಿಯೂ ಅಳತೆ ಮೊದಲು ನಡೆಯಲಿ: ದಿನಕ್ಕೆ ಎಷ್ಟು ಕನ್ನಡ ಅವರ ಕೈಗೆ ಸಿಗುತ್ತಿದೆ? ಅರ್ಧ ಗಂಟೆ ಸಿಕ್ಕರೂ ಸಾಕು, ಆಳಂದದ ಮಾವನಿಗೆ ಬರೆಯುವ ಮುಂದಿನ ಓಲೆ ಕನ್ನಡದ ಅಕ್ಷರಗಳಲ್ಲಿಯೇ ಹೋಗುತ್ತದೆ.